ಎಲ್ಲರಿಗೂ ಮನೋವೈದ್ಯರೇ ಬೇಕೆ? ಅಗತ್ಯಕ್ಕೆ ತಕ್ಕ ಮಾನಸಿಕ ಆರೈಕೆಯ ಲೆಕ್ಕಾಚಾರ

ರಾಯಚೂರು, ಯಾದಗಿರಿ, ಕೊಪ್ಪಳದ ಕಡೆಯಿಂದ ರಾತ್ರಿ ಬಸ್ಸು ಹತ್ತಿ ಬೆಳಗಿನ ಜಾವ ಬೆಂಗಳೂರಿನಲ್ಲಿ ಇಳಿಯುವವರಲ್ಲಿ ನಿಮ್ಹಾನ್ಸ್‌ಗೆಂದು ಬಂದವರು ಕೆಲವರಾದರೂ ಇರುತ್ತಾರೆ. ಹೊರರೋಗಿ ವಿಭಾಗದ ಸಾಲಿನಲ್ಲಿ ಅಂಥ ಮೂವರು ಒಬ್ಬರ ಹಿಂದೊಬ್ಬರು ನಿಂತಿದ್ದಾರೆ ಎಂದುಕೊಳ್ಳಿ. ಮೊದಲನೆಯವನು ಇಪ್ಪತ್ತೆರಡರ ಹುಡುಗ. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಅನ್ನದಲ್ಲಿ ಯಾರೋ ವಿಷ ಬೆರೆಸುತ್ತಿದ್ದಾರೆಂದು ಊಟ ಬಿಟ್ಟಿದ್ದಾನೆ, ಅಣ್ಣ ಕೈ ಹಿಡಿದುಕೊಂಡೇ ನಿಂತಿದ್ದಾನೆ. ಎರಡನೆಯವರು ಐವತ್ತರ ಹೆಂಗಸು. ಇಲ್ಲದ ಧ್ವನಿಗಳು, ಭ್ರಮೆಗಳು ಕಾಡುವ ಸ್ಕಿಜೋಫ್ರೇನಿಯಾ ಕಾಯಿಲೆ ಅವರಲ್ಲಿ ಹತೋಟಿಗೆ ಬಂದು ಎಂಟು ವರ್ಷವಾಯಿತು. ಅದೇ ಮಾತ್ರೆ, ಅದೇ ಡೋಸ್. ಮುಂದಿನ ಮೂರು ತಿಂಗಳ ಮಾತ್ರೆ ಬರೆಸಿಕೊಳ್ಳಲು ಬಂದಿದ್ದಾರೆ. ಮೂರನೆಯವರು ಬ್ಯಾಂಕ್ ನೌಕರ. ವರ್ಗಾವಣೆಯಾದಾಗಿನಿಂದ ಆಗಾಗ ಎದೆ ಢವಗುಟ್ಟುತ್ತದೆ, ಕೈಕಾಲು ತಣ್ಣಗಾಗುತ್ತದೆ. ಹೃದಯಕ್ಕೆ ಏನೂ ಆಗಿಲ್ಲ ಎಂದು ಎರಡು ಕಡೆ ಇಸಿಜಿ ಮಾಡಿ ಹೇಳಿದ್ದಾರೆ.

ಮೂವರ ಸಂಕಟವೂ ನಿಜ. ಆದರೆ ಅವತ್ತೇ ಮನೋವೈದ್ಯರ ಮುಂದೆ ಕೂರಲೇಬೇಕಾದವನು ಮೊದಲನೆಯವನೊಬ್ಬನೇ. ಅವನಿಗೂ ತನ್ನ ಜಿಲ್ಲಾಸ್ಪತ್ರೆಯಲ್ಲೇ ಚಿಕಿತ್ಸೆ ಶುರುವಾಗಬಹುದಿತ್ತು. ಎರಡನೆಯವರಿಗೆ ಬೇಕಿದ್ದದ್ದು ತಾಲ್ಲೂಕು ಆಸ್ಪತ್ರೆಯಲ್ಲಿ ತಪ್ಪದೆ ಸಿಗುವ ಮಾತ್ರೆ, ವರ್ಷಕ್ಕೊಂದೆರಡು ಸಲ ತಜ್ಞರ ತಪಾಸಣೆ. ಮೂರನೆಯವರಿಗೆ ವಾರಕ್ಕೊಮ್ಮೆಯಂತೆ ಎರಡು ಮೂರು ತಿಂಗಳು ಆಪ್ತಸಮಾಲೋಚನೆ ಸಿಕ್ಕಿದ್ದರೆ ಸಾಕಿತ್ತೇನೋ. ಅದು ಅವರ ಊರಿನಲ್ಲಿ ಎಲ್ಲೂ ಇಲ್ಲ.

ಇರುವ ತಜ್ಞರನ್ನು, ಹಾಸಿಗೆಗಳನ್ನು, ಮಾತ್ರೆಗಳನ್ನು, ಆಪ್ತಸಮಾಲೋಚಕರ ಗಂಟೆಗಳನ್ನು ಯಾರಿಗೆ ಎಷ್ಟು ಕೊಡಬೇಕು ಎನ್ನುವ ಪ್ರಶ್ನೆ ಮಾನಸಿಕ ಆರೋಗ್ಯ ಸೇವೆಯ ನಡುಮಧ್ಯದಲ್ಲಿದೆ. ಹೊಸ ಆಸ್ಪತ್ರೆ ಕಟ್ಟಿದರೂ ಈ ಪ್ರಶ್ನೆ ತಪ್ಪುವುದಿಲ್ಲ. ಇದಕ್ಕೆ ಜಗತ್ತಿನಾದ್ಯಂತ ಒಪ್ಪಿಕೊಂಡಿರುವ ಉತ್ತರ, ಹಗುರವಾದದ್ದರಿಂದ ತಜ್ಞರವರೆಗೆ ಮೆಟ್ಟಿಲು ಮೆಟ್ಟಿಲಾಗಿ ಸೇವೆಯನ್ನು ಜೋಡಿಸುವುದು, ಅಂದರೆ ‘ಹಂತದ ಆರೈಕೆ’. ನನ್ನ ಮಟ್ಟಿಗೆ, ರೋಗಿಯನ್ನು ಮೊದಲ ದಿನ ಯಾವ ಮೆಟ್ಟಿಲ ಮೇಲೆ ಕೂರಿಸಿದಿರಿ ಎನ್ನುವುದು ಅರ್ಧ ಮಾತು. ಮತ್ತೆ ಯಾವಾಗ ನೋಡುತ್ತೀರಿ, ಸಾಲದಿದ್ದರೆ ಮೇಲಕ್ಕೆ ಯಾರು ಕರೆದೊಯ್ಯುತ್ತಾರೆ, ಸುಧಾರಿಸಿದ ಮೇಲೆ ಊರ ಹತ್ತಿರಕ್ಕೆ ಯಾರು ತಂದು ಸೇರಿಸುತ್ತಾರೆ ಎನ್ನುವುದು ಉಳಿದರ್ಧ. ನಮ್ಮಲ್ಲಿ ಸೊರಗಿರುವುದು ಈ ಉಳಿದರ್ಧವೇ.

ಒಂದು ತಾಲ್ಲೂಕಿನ ಲೆಕ್ಕ

ನಿಮ್ಹಾನ್ಸ್ ನೇತೃತ್ವದಲ್ಲಿ 2015-16ರಲ್ಲಿ 12 ರಾಜ್ಯಗಳಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಯಿತು. ಕರ್ನಾಟಕ ಆ 12ರಲ್ಲಿ ಇರಲಿಲ್ಲ. ಸಮೀಕ್ಷೆಗೆ ಮುಂಚಿನ ಪ್ರಾಯೋಗಿಕ ಅಧ್ಯಯನ ಮಾತ್ರ ಕೋಲಾರ ಜಿಲ್ಲೆಯಲ್ಲಿ ನಡೆದಿತ್ತು. ವಯಸ್ಕರಲ್ಲಿ ಶೇ 10.6ರಷ್ಟು ಜನರಿಗೆ ಆ ಹೊತ್ತಿನಲ್ಲಿ ಯಾವುದಾದರೊಂದು ಮಾನಸಿಕ ಕಾಯಿಲೆ ಇತ್ತು ಎಂದು ಸಮೀಕ್ಷೆ ಕಂಡುಕೊಂಡಿತು. ಅವರಲ್ಲಿ ಶೇ 80ಕ್ಕೂ ಹೆಚ್ಚು ಮಂದಿಗೆ ಚಿಕಿತ್ಸೆ ಸಿಕ್ಕಿರಲಿಲ್ಲ. ದೇಶದಲ್ಲಿ ಮನೋವೈದ್ಯರ ಸಂಖ್ಯೆ ಲಕ್ಷ ಜನಕ್ಕೆ ಒಬ್ಬರಿಗಿಂತ ಕಡಿಮೆ, ಅವರಲ್ಲೂ ಬಹುಪಾಲು ನಗರಗಳಲ್ಲಿದ್ದಾರೆ.

ಈ ಅಂಕಿಗಳನ್ನು ಒಂದು ತಾಲ್ಲೂಕಿಗೆ ಇಳಿಸಿ ನೋಡೋಣ. ಎರಡು ಲಕ್ಷ ವಯಸ್ಕರಿರುವ ತಾಲ್ಲೂಕು. ಶೇ 10.6 ಎಂದರೆ ಸುಮಾರು 21,000 ಜನ. ಅಲ್ಲಿ ಪೂರ್ಣಾವಧಿಯ ಒಬ್ಬ ಮನೋವೈದ್ಯರಿದ್ದಾರೆ ಎಂದುಕೊಳ್ಳೋಣ. ಹೆಚ್ಚಿನ ತಾಲ್ಲೂಕುಗಳಲ್ಲಿ ಅಷ್ಟೂ ಇಲ್ಲ, ಇರಲಿ. ದಿನಕ್ಕೆ 40 ಜನರನ್ನು ನೋಡಿದರೆ, ವರ್ಷಕ್ಕೆ 250 ಕೆಲಸದ ದಿನಗಳಲ್ಲಿ 10,000 ಭೇಟಿ ಆಗುತ್ತದೆ. 21,000 ಜನರೂ ವರ್ಷಕ್ಕೆ ಆರು ಸಲ ಬರಬೇಕೆಂದರೆ 1,26,000 ಭೇಟಿ ಬೇಕು. ಒಬ್ಬರು ಮಾಡುವ ಕೆಲಸದ ಹನ್ನೆರಡು ಪಟ್ಟಿಗೂ ಹೆಚ್ಚು. ನಾಳೆಯೇ ತಜ್ಞರ ಸಂಖ್ಯೆಯನ್ನು ದುಪ್ಪಟ್ಟು ಮಾಡಿದರೂ ಈ ಅಂತರ ಮುಚ್ಚುವುದಿಲ್ಲ.

ಈಗ ಅದೇ ಲೆಕ್ಕವನ್ನು ಬೇರೆ ಥರ ಹಾಕಿ. ಸ್ಕಿಜೋಫ್ರೇನಿಯಾದಂಥ ಸೈಕೋಸಿಸ್ (ವಾಸ್ತವದ ಅರಿವು ತಪ್ಪುವ) ಕಾಯಿಲೆಗಳು ಆ ಹೊತ್ತಿನಲ್ಲಿ ಇರುವವರು ಸಮೀಕ್ಷೆಯ ಪ್ರಕಾರ ಶೇ 0.4ರಷ್ಟು. ನಮ್ಮ ತಾಲ್ಲೂಕಿನಲ್ಲಿ ಅವರು ಸುಮಾರು 800 ಜನ. ಅವರನ್ನೆಲ್ಲ ತಿಂಗಳಿಗೊಮ್ಮೆ ತಪ್ಪದೆ ನೋಡಿದರೂ ವರ್ಷಕ್ಕೆ 9,600 ಭೇಟಿ. ಒಬ್ಬ ಮನೋವೈದ್ಯರ ಕೈಗೆ ಎಟಕುವ ಸಂಖ್ಯೆ ಇದು. ನಿಜದಲ್ಲಿ ಆ 800ರಲ್ಲಿ ಅನೇಕರಿಗೆ ತಿಂಗಳಿಗೊಮ್ಮೆ ತಜ್ಞರು ಬೇಕಾಗುವುದೂ ಇಲ್ಲ. ಅಲ್ಲಿ ಉಳಿಯುವ ಸಮಯ ಅತಿ ಉತ್ಸಾಹವೂ ಖಿನ್ನತೆಯೂ ಸರದಿಯಲ್ಲಿ ಬರುವ ಬೈಪೋಲಾರ್ ಕಾಯಿಲೆಗೆ, ಜೀವ ಕಳೆದುಕೊಳ್ಳುವ ಯೋಚನೆಯಲ್ಲಿರುವವರಿಗೆ, ಹೆರಿಗೆಯ ನಂತರ ತೀವ್ರವಾಗಿ ಕಾಯಿಲೆ ಬೀಳುವವರಿಗೆ, ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಹೋಗಬೇಕು. ಮಿಕ್ಕವರನ್ನು ಬೇರೆ ಯಾರಾದರೂ ಚೆನ್ನಾಗಿ ನೋಡಿಕೊಳ್ಳುವ ಏರ್ಪಾಡು ಇದ್ದರೆ ಮಾತ್ರ ಇದು ನಡೆಯುತ್ತದೆ. ‘ಚೆನ್ನಾಗಿ’ ಎನ್ನುವುದನ್ನು ಒತ್ತಿ ಹೇಳುತ್ತಿದ್ದೇನೆ. ಸಣ್ಣ ಕಾಯಿಲೆಯೆಂದು ಕೈಬಿಟ್ಟು ಅದನ್ನೇ ‘ಹಂತದ ಆರೈಕೆ’ ಎಂದು ಕರೆಯುವುದು ಮೋಸ.

ಕರ್ನಾಟಕದ ಮೆಟ್ಟಿಲುಗಳು

ವಿಶ್ವ ಆರೋಗ್ಯ ಸಂಸ್ಥೆ ಈ ಜೋಡಣೆಯನ್ನು ಪಿರಮಿಡ್ಡಿನ ಚಿತ್ರದಲ್ಲಿ ತೋರಿಸುತ್ತದೆ. ತಳದಲ್ಲಿ ಸ್ವಂತ ಆರೈಕೆ, ಅದರ ಮೇಲೆ ಊರಿನ ಜನರ ಆಸರೆ, ಆಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ (ಪಿಎಚ್‌ಸಿ), ಅದರ ಮೇಲೆ ಸಾಮಾನ್ಯ ಆಸ್ಪತ್ರೆಯ ಮನೋವೈದ್ಯ ವಿಭಾಗ ಮತ್ತು ಸಮುದಾಯ ಸೇವೆ, ತುದಿಯಲ್ಲಿ ವಿಶೇಷ ಹಾಗೂ ದೀರ್ಘಾವಧಿ ಸೇವೆ. ಮೇಲೇರಿದಂತೆ ಖರ್ಚು ಹೆಚ್ಚು, ಬೇಕಾಗುವ ಜನ ಕಡಿಮೆ.

ಕರ್ನಾಟಕದಲ್ಲಿ ಈ ಪಿರಮಿಡ್ಡಿಗೆ ಹೆಸರು, ವಿಳಾಸಗಳಿವೆ. ಮನೆಬಾಗಿಲಿಗೆ ಬರುವ ಆಶಾ ಕಾರ್ಯಕರ್ತೆ ಮತ್ತು ಎಎನ್‌ಎಂ (ಊರಿನ ಆರೋಗ್ಯ ಸಹಾಯಕಿ). ಪಿಎಚ್‌ಸಿಯ ವೈದ್ಯಾಧಿಕಾರಿ. ತಾಲ್ಲೂಕು ಆಸ್ಪತ್ರೆಯಲ್ಲಿ ‘ಮನೋಚೈತನ್ಯ’ ಕ್ಲಿನಿಕ್. 2014ರಲ್ಲಿ ಶುರುವಾದ ಈ ಕಾರ್ಯಕ್ರಮದಲ್ಲಿ ಮನೋವೈದ್ಯರು ಗೊತ್ತುಪಡಿಸಿದ ಮಂಗಳವಾರ ತಾಲ್ಲೂಕಿಗೇ ಬರುತ್ತಾರೆ, ಹಾಗಾಗಿ ಜನ ಅದನ್ನು ‘ಸೂಪರ್ ಟ್ಯೂಸ್‌ಡೇ’ ಎಂದೂ ಕರೆಯುತ್ತಾರೆ. ಜಿಲ್ಲಾ ಮಟ್ಟದಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ: ಮನೋವೈದ್ಯರು, ಕ್ಲಿನಿಕಲ್ ಸೈಕಾಲಜಿಸ್ಟ್, ಮನೋವೈದ್ಯಕೀಯ ಸಮಾಜ ಕಾರ್ಯಕರ್ತರು, ನರ್ಸ್. ಅದರ ಮೇಲೆ ವೈದ್ಯಕೀಯ ಕಾಲೇಜುಗಳು, ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಚೇತರಿಸಿಕೊಳ್ಳುತ್ತಿರುವವರು ಹಗಲು ಹೊತ್ತು ಕಳೆದು ಏನಾದರೂ ಕೆಲಸ ಕಲಿಯಲು ‘ಮಾನಸಧಾರ’ ಕೇಂದ್ರಗಳು. ಇವೆಲ್ಲಕ್ಕೂ ಅಡ್ಡಲಾಗಿ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದಾದ ಟೆಲಿಮಾನಸ್, ಸಂಖ್ಯೆ 14416. 2022ರ ಅಕ್ಟೋಬರ್ 10ರಂದು ಶುರುವಾದ ಈ ಸಹಾಯವಾಣಿಯಲ್ಲಿ ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಮಾಲೋಚಕರು ಕರೆ ತೆಗೆದುಕೊಳ್ಳುತ್ತಾರೆ, ಅವರಿಂದಾಗದ್ದು ತಜ್ಞರಿಗೆ ಹೋಗುತ್ತದೆ. ಒಂದೇ ಫೋನಿನೊಳಗೂ ಎರಡು ಮೆಟ್ಟಿಲು.

ಈ ಯೋಚನೆಯನ್ನು ಮೊದಮೊದಲು ಪ್ರಯೋಗಿಸಿ ನೋಡಿದ ನೆಲಗಳಲ್ಲಿ ನಮ್ಮದೂ ಒಂದು. 1970ರ ದಶಕದ ನಡುವಿನಲ್ಲಿ ನಿಮ್ಹಾನ್ಸ್ ಬೆಂಗಳೂರಿನ ಹೊರಗಿನ ಸಕಲವಾರದಲ್ಲಿ ಗ್ರಾಮೀಣ ಮಾನಸಿಕ ಆರೋಗ್ಯ ಘಟಕ ನಡೆಸಿ, ಹಳ್ಳಿಯ ಆರೋಗ್ಯ ಕಾರ್ಯಕರ್ತರು ತೀವ್ರ ಕಾಯಿಲೆಗಳನ್ನು ಗುರುತಿಸಬಲ್ಲರೇ ಎಂದು ಪರೀಕ್ಷಿಸಿತು. 1985ರಿಂದ 1990ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿ ಅದನ್ನು ಇಡೀ ಜಿಲ್ಲೆಗೆ ಹರಡಿ ನೋಡಿದರು. ಪಿಎಚ್‌ಸಿ ಸಿಬ್ಬಂದಿಗೆಲ್ಲ ತರಬೇತಿ, ಜಿಲ್ಲಾಸ್ಪತ್ರೆಯಲ್ಲೊಂದು ಮನೋವೈದ್ಯ ಕ್ಲಿನಿಕ್, ಸರಳವಾದ ದಾಖಲೆ ಪುಸ್ತಕ, ತಿಂಗಳ ವರದಿ. ಮಾತ್ರೆಗಳು ಬೆರಳೆಣಿಕೆಯಷ್ಟು: ಸೈಕೋಸಿಸ್‌ಗೆ ಕ್ಲೋರ್‌ಪ್ರೊಮಜಿನ್, ಖಿನ್ನತೆಗೆ ಅಮಿಟ್ರಿಪ್ಟಿಲಿನ್, ಮೂರ್ಛೆರೋಗಕ್ಕೆ ಫೀನೋಬಾರ್ಬಿಟೋನ್, ಹೀಗೆ. ಜೊತೆಗೆ ಕೆಲವು ವಾರಗಳಿಗೊಮ್ಮೆ ಕೊಟ್ಟರೆ ಸಾಕಾಗುವ ಫ್ಲುಫೆನಜಿನ್ ಇಂಜೆಕ್ಷನ್. ದಿನಾ ಮಾತ್ರೆ ನುಂಗಲು ಒಪ್ಪದವರಿಗೆ ಊರಿನ ನರ್ಸ್ ಈ ಇಂಜೆಕ್ಷನ್ ಕೊಡಬಹುದಿತ್ತು. ಎಷ್ಟು ಕುಟುಂಬಗಳಿಗೆ ಅದರಿಂದ ನೆಮ್ಮದಿ ಸಿಕ್ಕಿರಬೇಕು! 1996ರಲ್ಲಿ ಕೇಂದ್ರ ಸರ್ಕಾರ ಶುರು ಮಾಡಿದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಈ ಬಳ್ಳಾರಿ ಮಾದರಿಯ ಮೇಲೇ ನಿಂತಿದೆ.

ಅಗತ್ಯವನ್ನು ಅಳೆಯುವುದು ಹೇಗೆ

ಯಾರು ಯಾವ ಮೆಟ್ಟಿಲಿಗೆ ಎಂದು ನಿರ್ಧರಿಸಲು ಒಂದು ಅಳತೆ ಬೇಕು. ಖಿನ್ನತೆಗೆ ಎಲ್ಲೆಡೆ ಬಳಸುವ ಅಳತೆ ಪಿಎಚ್‌ಕ್ಯೂ-9 ಎಂಬ ಒಂಬತ್ತು ಪ್ರಶ್ನೆಗಳ ಪಟ್ಟಿ. ಕಳೆದ ಎರಡು ವಾರಗಳಲ್ಲಿ ಆಸಕ್ತಿ ಹೇಗಿತ್ತು, ನಿದ್ದೆ ಹೇಗಿತ್ತು, ಊಟ, ಸುಸ್ತು, ಗಮನ ಎಂದೆಲ್ಲ ಕೇಳುತ್ತಾರೆ. ಪ್ರತಿಯೊಂದಕ್ಕೂ 0ಯಿಂದ 3 ಅಂಕ, ಒಟ್ಟು 27. ಐದರಿಂದ ಒಂಬತ್ತು ಬಂದರೆ ಸೌಮ್ಯ, ಹತ್ತರಿಂದ ಹದಿನಾಲ್ಕು ಮಧ್ಯಮ, ಹದಿನೈದರಿಂದ ಹತ್ತೊಂಬತ್ತು ಹೆಚ್ಚು, ಇಪ್ಪತ್ತು ಅಥವಾ ಅದಕ್ಕೂ ಮೇಲೆ ಬಂದರೆ ತೀವ್ರ. ಒಂಬತ್ತನೆಯ ಪ್ರಶ್ನೆ, ಸತ್ತುಹೋದರೆ ಚೆನ್ನಾಗಿತ್ತು ಎಂದಾಗಲಿ ತನಗೆ ತಾನೇ ಹಾನಿ ಮಾಡಿಕೊಳ್ಳಬೇಕೆಂದಾಗಲಿ ಅನ್ನಿಸಿದೆಯೇ ಎಂಬುದು.

ಇಬ್ಬರಿಗೂ 14 ಅಂಕ ಬಂದಿದೆ ಎಂದುಕೊಳ್ಳಿ. ಒಬ್ಬರು ದಾವಣಗೆರೆಯ ಪ್ರೌಢಶಾಲಾ ಶಿಕ್ಷಕರು. ತಾಯಿ ತೀರಿಕೊಂಡು ಮೂರು ತಿಂಗಳಾಗಿದೆ. ನಿದ್ದೆ ಕೆಟ್ಟಿದೆ, ಊಟ ಸೇರದು, ಪಾಠದಲ್ಲಿ ಗಮನ ನಿಲ್ಲದು. ಆದರೂ ಶಾಲೆಗೆ ಹೋಗುತ್ತಿದ್ದಾರೆ, ಮನೆಯಲ್ಲಿ ಹೆಂಡತಿ ಮಕ್ಕಳಿದ್ದಾರೆ, ಒಂಬತ್ತನೆಯ ಪ್ರಶ್ನೆಗೆ ಸೊನ್ನೆ. ಇನ್ನೊಬ್ಬಾಕೆಗೆ ಐದು ತಿಂಗಳ ಮಗುವಿದೆ. ಗಂಡ ಕೆಲಸಕ್ಕೆಂದು ಬೇರೆ ಊರಿನಲ್ಲಿದ್ದಾನೆ, ತವರು ದೂರ. ಮೊದಲ ಹೆರಿಗೆಯ ನಂತರವೂ ಹೀಗೇ ಆಗಿ ಆಸ್ಪತ್ರೆ ಸೇರಬೇಕಾಗಿತ್ತು. ಈಗ ಎರಡು ವಾರದಿಂದ ಒಲೆ ಹಚ್ಚಿಲ್ಲ, ಪಕ್ಕದ ಮನೆಯವರು ಕೊಟ್ಟದ್ದೇ ಊಟ. ಒಂಬತ್ತನೆಯ ಪ್ರಶ್ನೆಗೆ ಎರಡು ಅಂಕ. ಕಾಗದದ ಮೇಲೆ ಇಬ್ಬರೂ ‘ಮಧ್ಯಮ’. ಅಂಕ ಮಾತ್ರ ನೋಡುವ ವ್ಯವಸ್ಥೆ ಇಬ್ಬರಿಗೂ ಒಂದೇ ಚೀಟಿ ಕೊಟ್ಟು ಕಳಿಸುತ್ತದೆ. ಆ ತಾಯಿಗೆ ಅಂದೇ ತಜ್ಞರು ಬೇಕು, ಆಕೆಯೊಬ್ಬಳೇ ಮನೆಗೆ ಹೋಗಬಾರದು, ಮಗುವಿನ ವಿಚಾರವನ್ನೂ ಯಾರಾದರೂ ವಹಿಸಿಕೊಳ್ಳಬೇಕು. ಮೇಷ್ಟರಿಗೆ ದುಃಖದ ಬಗ್ಗೆ ತಾಳ್ಮೆಯಿಂದ ಮಾತಾಡುವವರು ಬೇಕು, ಎರಡು ವಾರ ಬಿಟ್ಟು ಮತ್ತೊಮ್ಮೆ ವಿಚಾರಿಸುವವರು ಬೇಕು.

ಆಸ್ಟ್ರೇಲಿಯಾ ಇದನ್ನು ರಾಷ್ಟ್ರೀಯ ಪದ್ಧತಿಯಾಗಿಯೇ ಮಾಡಿಕೊಂಡಿದೆ. ಅಲ್ಲಿ ಎಂಟು ವಿಷಯಗಳನ್ನು ನೋಡಿ ಐದು ಮಟ್ಟಗಳಲ್ಲಿ ಒಂದನ್ನು ಸೂಚಿಸುತ್ತಾರೆ. ರೋಗಲಕ್ಷಣ ಎಷ್ಟು ತೀವ್ರ, ಅಪಾಯ ಎಷ್ಟು, ದಿನನಿತ್ಯದ ಬದುಕು ಎಷ್ಟು ಕುಂಟಿದೆ, ಜೊತೆಗೆ ಬೇರೆ ಕಾಯಿಲೆಗಳಿವೆಯೇ ಎಂಬ ನಾಲ್ಕು ಮುಖ್ಯ. ಆಮೇಲೆ ಹಿಂದಿನ ಚಿಕಿತ್ಸೆ ಎಷ್ಟು ಫಲಿಸಿತ್ತು, ಸುತ್ತಲಿನ ಒತ್ತಡಗಳೇನು, ಆಸರೆಗೆ ಯಾರಿದ್ದಾರೆ, ಚಿಕಿತ್ಸೆಗೆ ಮನಸ್ಸಿದೆಯೇ ಎಂಬ ಇನ್ನು ನಾಲ್ಕು. ಲಕ್ಷಣದ ತೀವ್ರತೆ ಎಂಟರಲ್ಲಿ ಒಂದು ಮಾತ್ರ ಎನ್ನುವುದನ್ನು ಗಮನಿಸಬೇಕು.

ನಮ್ಮ ತಾಲ್ಲೂಕು ಆಸ್ಪತ್ರೆಯ ಗದ್ದಲದಲ್ಲಿ ಎಂಟು ವಿಷಯ ಕೇಳಿ ಬರೆದುಕೊಳ್ಳುವಷ್ಟು ಸಮಯ ಎಲ್ಲಿ ಎನ್ನಬಹುದು. ಆದರೆ ಅನುಭವವಿರುವ ನರ್ಸ್ ಅಥವಾ ಆಶಾ ಕಾರ್ಯಕರ್ತೆಗೆ ಇವುಗಳಲ್ಲಿ ಅರ್ಧ ಆಗಲೇ ಗೊತ್ತಿರುತ್ತದೆ. ಯಾರ ಮನೆಯಲ್ಲಿ ಕುಡಿತ, ಯಾರ ಮೇಲೆ ಸಾಲ, ಯಾರನ್ನು ನೋಡಿಕೊಳ್ಳಲು ದಿಕ್ಕಿಲ್ಲ ಎಂದು ಊರು ತಿರುಗುವವರಿಗೆ ತಿಳಿಯದೆ ಇರುತ್ತದೆಯೇ? ಆ ತಿಳಿವಳಿಕೆ ಕೇಸ್ ಶೀಟಿನವರೆಗೆ ಬರುವ ದಾರಿ ಇಲ್ಲ. ಅದನ್ನು ಮಾಡಿಕೊಡಲು ದೊಡ್ಡ ಹಣ ಬೇಡ, ಆಕೆಯನ್ನು ಕೇಳಿ ಬರೆದುಕೊಳ್ಳುವ ಒಬ್ಬರು ಬೇಕು.

ಕೆಳಗಿನಿಂದ ಹತ್ತಿಸಬೇಕೋ, ನೇರ ಕೂರಿಸಬೇಕೋ

ಇಲ್ಲಿ ಎರಡು ವಿಧಾನಗಳಿವೆ. ಒಂದರಲ್ಲಿ, ತುರ್ತು ಇಲ್ಲದ ಎಲ್ಲರಿಗೂ ಮೊದಲು ಹಗುರವಾದ ಚಿಕಿತ್ಸೆ ಕೊಟ್ಟು, ಸಾಲದಿದ್ದರೆ ಮೇಲಕ್ಕೆ ಕಳಿಸುತ್ತಾರೆ. ಇಂಗ್ಲೆಂಡ್ 2008ರಿಂದ ಖಿನ್ನತೆ ಮತ್ತು ಆತಂಕಕ್ಕೆ ಹೆಚ್ಚುಕಡಿಮೆ ಹೀಗೆಯೇ ಸೇವೆ ಕೊಡುತ್ತಿದೆ. ಅಲ್ಲಿ ಪ್ರತಿ ಭೇಟಿಯಲ್ಲೂ ಪ್ರಶ್ನಾವಳಿ ತುಂಬಿಸುತ್ತಾರೆ. ಹಾಗಾಗಿ ಚಿಕಿತ್ಸೆ ಫಲಿಸುತ್ತಿಲ್ಲ ಎನ್ನುವುದು ತಿಂಗಳುಗಟ್ಟಲೆ ಅಡಗಿ ಕೂರುವುದಿಲ್ಲ. ಇನ್ನೊಂದರಲ್ಲಿ, ಮೊದಲ ದಿನವೇ ಕೂಲಂಕಷವಾಗಿ ನೋಡಿ ಸರಿಯಾದ ಮಟ್ಟಕ್ಕೆ ನೇರವಾಗಿ ಸೇರಿಸುತ್ತಾರೆ. ಆಸ್ಟ್ರೇಲಿಯಾದ ಪದ್ಧತಿ ಈ ಬಗೆಯದು.

ಮೊದಲನೆಯದರಲ್ಲಿ ತಜ್ಞರ ಸಮಯ ಉಳಿಯುತ್ತದೆ. ಆದರೆ ಮೊದಲ ಮೆಟ್ಟಿಲಲ್ಲಿ ಗುಣವಾಗದವರು ‘ನನಗೆ ಏನು ಮಾಡಿದರೂ ಅಷ್ಟೇ’ ಎಂದು ಮನೆಗೆ ಹೋಗಿಬಿಡುತ್ತಾರೆ, ಮತ್ತೆ ಬರುವುದಿಲ್ಲ. ಎರಡನೆಯದರಲ್ಲಿ ಮೊದಲ ತಪಾಸಣೆಗೇ ಹೆಚ್ಚು ಕೈಗಳು ಬೇಕು. ನಮ್ಮಂಥ ಕಡೆ ಎರಡನ್ನೂ ಬೆರೆಸಬೇಕು ಎನ್ನುವುದು ನನ್ನ ಅಭಿಪ್ರಾಯ: ಸೈಕೋಸಿಸ್, ಮೇನಿಯಾ (ಹತೋಟಿ ಮೀರಿದ ಅತಿ ಉತ್ಸಾಹ), ಜೀವಾಪಾಯ, ಹೆರಿಗೆಯ ನಂತರದ ತೀವ್ರ ಕಾಯಿಲೆ, ಮದ್ಯ ನಿಲ್ಲಿಸಿದಾಗ ಬರುವ ಫಿಟ್ಸ್ ಮತ್ತು ಭ್ರಮೆ ಕಂಡರೆ ಮೆಟ್ಟಿಲೆಣಿಸದೆ ನೇರ ಮೇಲಕ್ಕೆ, ಉಳಿದವರಿಗೆ ಕೆಳಗಿನಿಂದ, ಮರುಭೇಟಿಯ ದಿನಾಂಕ ಬರೆದುಕೊಟ್ಟು.

ಕೆಳಗಿನ ಮೆಟ್ಟಿಲು ಎಂದರೆ ಕಳಪೆ ಸೇವೆ ಎಂದು ತಿಳಿಯುವವರು ಗೋವಾದ ಅನುಭವವನ್ನು ನೋಡಬೇಕು. ಮನೋವೈದ್ಯ ವಿಕ್ರಮ್ ಪಟೇಲ್ ಮತ್ತು ಸಂಗಡಿಗರು ಅಲ್ಲಿನ 12 ಸರ್ಕಾರಿ ಆರೋಗ್ಯ ಕೇಂದ್ರ ಮತ್ತು 12 ಖಾಸಗಿ ಕ್ಲಿನಿಕ್‌ಗಳಲ್ಲಿ ನಡೆಸಿದ ಅಧ್ಯಯನ 2010ರಲ್ಲಿ ಪ್ರಕಟವಾಯಿತು. ಕೆಲವು ಕಡೆ ವೈದ್ಯರ ಜೊತೆ ಸ್ಥಳೀಯ ಆಪ್ತಸಮಾಲೋಚಕರನ್ನು ಇಟ್ಟರು. ಅವರು ವೈದ್ಯರೂ ಅಲ್ಲ, ಸೈಕಾಲಜಿಸ್ಟರೂ ಅಲ್ಲ, ತರಬೇತಿ ಪಡೆದ ಊರಿನವರು. ಎಲ್ಲರಿಗೂ ಮೊದಲು ಕಾಯಿಲೆಯ ತಿಳಿವಳಿಕೆ, ಹೆಚ್ಚಿದ್ದರೆ ಮಾತ್ರೆ ಅಥವಾ ಸಮಾಲೋಚನೆ, ಅಪಾಯವಿದ್ದರೆ ಮನೋವೈದ್ಯರು. ಸರ್ಕಾರಿ ಕೇಂದ್ರಗಳಲ್ಲಿ ಈ ಏರ್ಪಾಡು ಇದ್ದ ಕಡೆ ಆರು ತಿಂಗಳಲ್ಲಿ ಶೇ 65.9ರಷ್ಟು ಜನ ಚೇತರಿಸಿಕೊಂಡಿದ್ದರು, ಇಲ್ಲದ ಕಡೆ ಶೇ 42.5. ಖಾಸಗಿ ಕ್ಲಿನಿಕ್‌ಗಳಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಒಂದೇ ಏರ್ಪಾಡು ಎಲ್ಲ ಕಡೆ ಒಂದೇ ಫಲ ಕೊಡುವುದಿಲ್ಲ ಎನ್ನುವುದನ್ನೂ ಆ ಅಧ್ಯಯನ ತೋರಿಸಿತು.

ಅದೇ ಗೋವಾದಲ್ಲಿ ಆಮೇಲೆ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಪಿಎಚ್‌ಕ್ಯೂ-9ರಲ್ಲಿ 14ಕ್ಕಿಂತ ಹೆಚ್ಚು ಅಂಕ ಬಂದವರಿಗೇ, ಅಂದರೆ ಹಗುರವೆನ್ನಲಾಗದ ಖಿನ್ನತೆಯವರಿಗೇ, ಇಂಥ ಆಪ್ತಸಮಾಲೋಚಕರಿಂದ ಆರರಿಂದ ಎಂಟು ಭೇಟಿ ಕೊಡಿಸಿದರು. 2017ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ಶೇ 64ರಷ್ಟು ಜನರ ಖಿನ್ನತೆ ಇಳಿದಿತ್ತು; ಮಾಮೂಲು ಚಿಕಿತ್ಸೆಯಷ್ಟೇ ಸಿಕ್ಕವರಲ್ಲಿ ಶೇ 39. ಆ ಭೇಟಿಗಳಲ್ಲಿ ನಡೆಯುವ ಕೆಲಸ ನೋಡಲು ಸರಳ. ನಿನ್ನೆ ಬೆಳಗಿನಿಂದ ಸಂಜೆವರೆಗೆ ಏನೇನು ಮಾಡಿದಿರಿ, ಆಗ ಮನಸ್ಸು ಹೇಗಿತ್ತು ಎಂದು ಕೇಳುತ್ತಾರೆ. ಹಾಸಿಗೆಯಲ್ಲೇ ಕಳೆದ ಹೊತ್ತು, ಯಾರನ್ನೂ ಮಾತಾಡಿಸದ ಹೊತ್ತು ಎದ್ದು ಕಾಣುತ್ತದೆ. ಮುಂದಿನ ವಾರಕ್ಕೆ ಒಂದೇ ಒಂದು ಕೆಲಸ ಗೊತ್ತುಮಾಡುತ್ತಾರೆ: ಸಂಜೆ ಅಕ್ಕನ ಮನೆವರೆಗೆ ನಡೆದು ಬರುವುದು, ಬಾಡುತ್ತಿರುವ ಹೂವಿನ ಗಿಡಕ್ಕೆ ನೀರು ಹಾಕುವುದು, ಇಂಥದ್ದು. ಮುಂದಿನ ಭೇಟಿಯಲ್ಲಿ ಅದು ಆಯಿತೇ, ಆಗದಿದ್ದರೆ ಏನು ಅಡ್ಡ ಬಂತು ಎಂದು ವಿಚಾರಿಸುತ್ತಾರೆ. ಸರಳ ಎಂದೆ, ಸುಲಭ ಎನ್ನಲಿಲ್ಲ. ಅವರಿಗೆ ನಿರಂತರವಾಗಿ ಮೇಲ್ವಿಚಾರಣೆ ಇತ್ತು. ಒಂದು ದಿನದ ತರಬೇತಿ ಕೊಟ್ಟು ಆಶಾ ಕಾರ್ಯಕರ್ತೆಯ ಹೆಗಲಿಗೆ ಇನ್ನೊಂದು ಹೊರೆ ಹೇರಿ, ಗೋವಾದ ಫಲಿತಾಂಶ ಬರಲಿ ಎಂದರೆ ಬಾರದು.

ನಮ್ಮ ಪಿರಮಿಡ್ಡಿನಲ್ಲಿ ತೀರಾ ತೆಳ್ಳಗಿರುವುದು ಈ ನಡುವಿನ ಭಾಗ. ಧೈರ್ಯ ಹೇಳಿದರೆ ಸಾಲದು, ಆಸ್ಪತ್ರೆಗೆ ಸೇರಿಸಬೇಕಾಗಿಯೂ ಇಲ್ಲ, ಅಂಥವರಿಗೆ ಹತ್ತಾರು ವಾರ ಕ್ರಮವಾಗಿ ಮಾತಿನ ಚಿಕಿತ್ಸೆ ಬೇಕು. ಕೈ ತೊಳೆದದ್ದೇ ತೊಳೆಯುವ ಗೀಳಿನವರು, ಪ್ಯಾನಿಕ್ ಆಗುವವರು, ದೌರ್ಜನ್ಯದ ನೆನಪಿನಿಂದ ಬಿಡಿಸಿಕೊಳ್ಳಲಾಗದವರು ಇವರಲ್ಲಿ ಸೇರುತ್ತಾರೆ. ಇವರು ತಾಲ್ಲೂಕು ಕ್ಲಿನಿಕ್ಕಿಗೆ ಬಂದರೆ ಸಿಗುವುದು ಐದಾರು ನಿಮಿಷ ಮತ್ತು ಮಾತ್ರೆ. ಮಾತ್ರೆ ಬೇಡವೆಂದಲ್ಲ, ಅನೇಕರಿಗೆ ಅದು ಬೇಕೇ ಬೇಕು. ಆದರೆ ಗೀಳಿನಂಥ ಕಾಯಿಲೆಯಲ್ಲಿ, ಭಯವಾಗುವ ವಸ್ತುವನ್ನು ಮುಟ್ಟಿಯೂ ಕೈ ತೊಳೆಯದೆ ಕೂತಿರುವುದನ್ನು ಹಂತಹಂತವಾಗಿ ಕಲಿಸುವವರು ಬೇಕು. ಜಿಲ್ಲೆಗೊಬ್ಬ ಕ್ಲಿನಿಕಲ್ ಸೈಕಾಲಜಿಸ್ಟ್ ಇಟ್ಟುಕೊಂಡು ಅದನ್ನು ಮಾಡಲಾಗದು.

ವಾಪಸ್ ಬರುವ ದಾರಿ

ಮೇಲಕ್ಕೆ ಕಳಿಸುವುದು ಎಲ್ಲರಿಗೂ ಗೊತ್ತು. ‘ಬೆಂಗಳೂರಿಗೆ ಕರಕೊಂಡು ಹೋಗಿ’ ಎಂದರೆ ಆಯಿತು. ಕಷ್ಟವಿರುವುದು ಕೆಳಗಿಳಿಸುವುದರಲ್ಲಿ. ಕೆಳಗಿಳಿಸಲು ಆಗದಿದ್ದರೆ ಗುಣವಾದವರೂ ಮೇಲಿನ ಆಸ್ಪತ್ರೆಯ ಸಾಲಿನಲ್ಲೇ ಉಳಿಯುತ್ತಾರೆ, ಹೊಸದಾಗಿ ಕಾಯಿಲೆ ಬಿದ್ದವರಿಗೆ ಜಾಗವಿರುವುದಿಲ್ಲ. ಅದಕ್ಕಿಂತ ಕೆಟ್ಟದ್ದು, ಬಸ್ ಚಾರ್ಜು, ದಿನಗೂಲಿ ಲೆಕ್ಕ ಹಾಕಿ ಹೋಗುವುದನ್ನೇ ನಿಲ್ಲಿಸುತ್ತಾರೆ. ಮಾತ್ರೆ ನಿಲ್ಲುತ್ತದೆ, ಕೆಲವು ತಿಂಗಳಲ್ಲಿ ಕಾಯಿಲೆ ಮರುಕಳಿಸುತ್ತದೆ, ಮತ್ತೆ ತುದಿಯ ಮೆಟ್ಟಿಲಿಗೇ ಬರಬೇಕಾಗುತ್ತದೆ.

ಕೆಳಗಿಳಿಸಲು ಏನು ಬೇಕೆಂದು ಎರಡು ಔಷಧಿಗಳ ಮೂಲಕ ನೋಡಬಹುದು. ಬೇರೆ ಮಾತ್ರೆಗಳಿಗೆ ಬಗ್ಗದ ಸ್ಕಿಜೋಫ್ರೇನಿಯಾಕ್ಕೆ ಕ್ಲೋಜಪಿನ್ ಕೊಡುತ್ತಾರೆ. ಅದು ಅಪರೂಪಕ್ಕೆ ರಕ್ತದ ಬಿಳಿ ಕಣಗಳನ್ನು ಅಪಾಯಕಾರಿ ಮಟ್ಟಕ್ಕೆ ಇಳಿಸುತ್ತದೆ. ಆದ್ದರಿಂದ ಸಾಮಾನ್ಯ ಪದ್ಧತಿಯಲ್ಲಿ ಮೊದಲ 18 ವಾರ ವಾರಕ್ಕೊಮ್ಮೆ ರಕ್ತಪರೀಕ್ಷೆ, ಆಮೇಲೆ ತಿಂಗಳಿಗೊಮ್ಮೆ. ಈ ಪರೀಕ್ಷೆಯನ್ನು ತಾಲ್ಲೂಕು ಆಸ್ಪತ್ರೆಯ ಲ್ಯಾಬೇ ಮಾಡಬಲ್ಲದು. ವರದಿಯನ್ನು ನೋಡಿ ‘ಸರಿಯಿದೆ, ಮುಂದುವರಿಸಿ’ ಎನ್ನುವ ಒಬ್ಬ ವೈದ್ಯರು, ಸಂಶಯ ಬಂದರೆ ಫೋನೆತ್ತುವ ಒಬ್ಬ ತಜ್ಞರು ಇದ್ದರೆ, ರಾಯಚೂರಿನ ಹುಡುಗ ವಾರವಾರ ಬೆಂಗಳೂರಿಗೆ ಬರಬೇಕಿಲ್ಲ. ಬೈಪೋಲಾರ್ ಕಾಯಿಲೆಗೆ ಕೊಡುವ ಲಿಥಿಯಂನದು ಬೇರೆಯೇ ಕಥೆ. ರಕ್ತದಲ್ಲಿ ಅದರ ಮಟ್ಟ ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಿದರೆ ವಿಷ. ಹಿಂದಿನ ಡೋಸ್ ತೆಗೆದುಕೊಂಡು 12 ಗಂಟೆಯಾದ ಮೇಲೆ ರಕ್ತ ಕೊಡಬೇಕು. ಕಲಬುರಗಿಯ ಬೇಸಿಗೆಯಲ್ಲಿ ಬೆವರಿ ಮೈಯ ನೀರು ಬತ್ತಿದರೆ, ಮೈಕೈ ನೋವಿಗೆಂದು ಕೆಲವು ಬಗೆಯ ನೋವಿನ ಮಾತ್ರೆ ನುಂಗಿದರೆ ಮಟ್ಟ ಏರುತ್ತದೆ. ಕೈ ಜೋರಾಗಿ ನಡುಗುವುದು, ವಾಂತಿ, ತೂರಾಡುವ ನಡಿಗೆ ಕಂಡರೆ ತಕ್ಷಣ ಆಸ್ಪತ್ರೆಗೆ ಹೋಗಬೇಕೆಂದು ಮನೆಯವರಿಗೆ ತಿಳಿಸಿರಬೇಕು. ಲಿಥಿಯಂ ಮಟ್ಟ ಅಳೆಯುವ ಪರೀಕ್ಷೆ ಹತ್ತಿರದಲ್ಲಿ ಎಲ್ಲಿದೆ ಎಂದು ಗೊತ್ತುಮಾಡದೆ ರೋಗಿಯನ್ನು ಕೆಳಗಿಳಿಸಿದರೆ ಅದು ಇಳಿಸಿದಂತಲ್ಲ, ಕೈಬಿಟ್ಟಂತೆ.

ಇದು ಸಾಧ್ಯವೆಂದು ತೋರಿಸಿದ ಊರುಗಳು ನಮ್ಮಲ್ಲೇ ಇವೆ. ತೀರ್ಥಹಳ್ಳಿ ಮತ್ತು ತುರುವೇಕೆರೆ ತಾಲ್ಲೂಕುಗಳಲ್ಲಿ ನಿಮ್ಹಾನ್ಸ್ ತಂಡ ಸ್ಕಿಜೋಫ್ರೇನಿಯಾ ಇರುವವರನ್ನು ಊರೂರಲ್ಲೇ ಗುರುತಿಸಿ, ಚಿಕಿತ್ಸೆ ಕೊಟ್ಟು, ವರ್ಷಗಟ್ಟಲೆ ಬಿಡದೆ ಹಿಂಬಾಲಿಸಿದೆ. ಬಾರದವರನ್ನು ಹುಡುಕಿಕೊಂಡು ಹೋಗುವುದು ಆ ಕೆಲಸದ ಜೀವಾಳ. ರಾಜ್ಯ ಸರ್ಕಾರ ನಿಮ್ಹಾನ್ಸ್ ಮತ್ತು ಬೆಂಗಳೂರಿನ ಐಐಐಟಿ ಜೊತೆ ಸೇರಿ ರೂಪಿಸಿದ ‘ಇ-ಮನಸ್’ ಎಂಬ ಆನ್‌ಲೈನ್ ದಾಖಲೆ ವ್ಯವಸ್ಥೆಯೂ ಇದೆ. ರೋಗಿಯ ಹಿಂದೆಯೇ ಅವರ ದಾಖಲೆಯೂ ಊರಿಗೆ ಬರುವಂತಾದರೆ ಪ್ರತಿ ಆಸ್ಪತ್ರೆಯಲ್ಲೂ ಮೊದಲಿನಿಂದ ಕಥೆ ಹೇಳುವುದು ತಪ್ಪುತ್ತದೆ. ಮನೆಯವರಿಗೆ ಅದೇ ದೊಡ್ಡ ದಣಿವು.

ಕಾನೂನು ಕೂಡ ಜನರ ಪರವಾಗಿದೆ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 18ನೇ ಕಲಂ ಪ್ರಕಾರ ಸರ್ಕಾರಿ ವೆಚ್ಚದ ಮಾನಸಿಕ ಆರೋಗ್ಯ ಸೇವೆ ಪಡೆಯುವುದು ಪ್ರತಿಯೊಬ್ಬರ ಹಕ್ಕು. ಸೇವೆಗಾಗಿ ಯಾರೂ ದೂರದ ಊರಿಗೆ ಅಲೆಯಬೇಕಾಗಬಾರದು. ಕಾಯ್ದೆ ಹೇಳಿದ ಕನಿಷ್ಠ ಸೇವೆಗಳು ಜಿಲ್ಲೆಯಲ್ಲಿ ಇಲ್ಲದಿದ್ದರೆ, ಅದೇ ಜಿಲ್ಲೆಯ ಬೇರೆ ಸೇವೆಯಲ್ಲಿ ಚಿಕಿತ್ಸೆ ಪಡೆದು ವೆಚ್ಚವನ್ನು ಸರ್ಕಾರದಿಂದ ಪಡೆಯಲು ಅವಕಾಶವಿದೆ. 98ನೇ ಕಲಂ, ಆಸ್ಪತ್ರೆಯಿಂದ ಬಿಡುಗಡೆ ಮಾಡುವ ಮುನ್ನ ಮುಂದಿನ ಆರೈಕೆ ಹೇಗೆಂದು ರೋಗಿ ಮತ್ತು ಮನೆಯವರ ಜೊತೆ ಯೋಜನೆ ಮಾಡಬೇಕೆಂದು ಹೇಳುತ್ತದೆ. ಡಿಸ್ಚಾರ್ಜ್ ಕೌಂಟರಿನಲ್ಲಿ ನಿಂತ ಎಷ್ಟು ಮನೆಯವರಿಗೆ ಇದು ಗೊತ್ತು?

ಮೇಲಿನ ಆಸ್ಪತ್ರೆಯಿಂದ ಊರಿಗೆ ಮರಳುವವರು, ಅವರ ಜೊತೆ ಬಂದವರು, ಡಿಸ್ಚಾರ್ಜ್ ಕಾಗದದಲ್ಲಿ ಕೆಲವು ಸಂಗತಿಗಳನ್ನು ಬರೆಸಿಕೊಂಡೇ ಹೊರಡಬೇಕು. ಕಾಯಿಲೆಯ ಹೆಸರು, ಮಾತ್ರೆಗಳ ಹೆಸರು ಮತ್ತು ಡೋಸ್ ಇದ್ದೇ ಇರುತ್ತವೆ. ಅದರ ಜೊತೆಗೆ: ಈ ಮಾತ್ರೆಗಳಲ್ಲಿ ಯಾವುದು ತಾಲ್ಲೂಕಿನಲ್ಲಿ ಸಿಗುತ್ತದೆ, ಸಿಗದಿದ್ದರೆ ಬದಲಿಗೆ ಏನು. ಯಾವ ರಕ್ತಪರೀಕ್ಷೆ, ಎಷ್ಟು ದಿನಕ್ಕೊಮ್ಮೆ, ಯಾವ ಅಂಕಿ ಬಂದರೆ ಹೆದರಬೇಕು. ಕಾಯಿಲೆ ಮರುಕಳಿಸುವ ಮುನ್ನ ಈ ವ್ಯಕ್ತಿಯಲ್ಲಿ ಮೊದಲು ಕಾಣುವ ಗುರುತೇನು. ಒಬ್ಬರಿಗೆ ಅದು ಮೂರು ರಾತ್ರಿ ನಿದ್ದೆಯಿಲ್ಲದಿರುವುದು, ಇನ್ನೊಬ್ಬರಿಗೆ ಸ್ನಾನ ಬಿಡುವುದು, ಮತ್ತೊಬ್ಬರಿಗೆ ಮೊಬೈಲ್ ಮುಟ್ಟಲು ಭಯಪಡುವುದು. ಆ ಗುರುತು ಕಂಡ ದಿನ ಹತ್ತಿರದಲ್ಲಿ ಯಾರ ಬಳಿ ಹೋಗಬೇಕು, ಯಾವ ಮಂಗಳವಾರ ಮನೋವೈದ್ಯರು ತಾಲ್ಲೂಕಿಗೆ ಬರುತ್ತಾರೆ. ರಾತ್ರಿ ಹೊತ್ತು ಏನೂ ತೋಚದಿದ್ದರೆ 14416. ಮೇಲಿನ ಆಸ್ಪತ್ರೆಗೆ ಮತ್ತೆ ಬರಬೇಕಾದದ್ದು ಯಾವಾಗ, ಬರಬೇಕಾಗಿಲ್ಲದ್ದು ಯಾವಾಗ. ಈ ಕೊನೆಯ ಸಾಲನ್ನು ಬರೆಯುವಾಗ ವೈದ್ಯರು ಒಂದು ನಿಮಿಷ ಯೋಚಿಸಬೇಕಾಗುತ್ತದೆ. ಆ ಒಂದು ನಿಮಿಷವನ್ನು ಕೇಳಿ ಪಡೆಯಿರಿ. ಕಾಗದ ಕನ್ನಡದಲ್ಲಿದ್ದರೆ ಊರಿನ ಆಶಾ ಕಾರ್ಯಕರ್ತೆಯೂ ಅದನ್ನು ಓದಬಹುದು, ಅದರ ಒಂದು ಜೆರಾಕ್ಸ್ ಪಿಎಚ್‌ಸಿಯಲ್ಲಿ ಕೊಟ್ಟಿರಿ.